ಮಾರಿ, ಕೆಟ್ಟ ಗಾಳಿ ಮತ್ತು ಇಲಿ: ಬೆಂಗಳೂರು ದಂಡಿನಲ್ಲಿ ರೋಗದ ನಂಬಿಕೆಗಳು ಹುಟ್ಟಿ ಬೆಳೆದ ಬಗೆ

ಬೆಂಗಳೂರಿನ ಪೂರ್ವ ಭಾಗದಲ್ಲಿ ಸಂಚರಿಸುವವರಿಗೆ ಮೂರು ಬಗೆಯ ಗುರುತುಗಳು ಕಾಣಸಿಗುತ್ತವೆ. ಮೊದಲನೆಯದು ಹಲಸೂರು ಕೆರೆಯ ಆಸುಪಾಸಿನಲ್ಲಿ ಹರಡಿರುವ ಸೇನೆಯ ವಿಶಾಲ ಮೈದಾನಗಳು. ಎರಡನೆಯದು ಶಿವಾಜಿನಗರ, ಹಲಸೂರುಗಳ ಇಕ್ಕಟ್ಟಾದ ಬೀದಿಗಳಲ್ಲಿರುವ ಮುತ್ಯಾಲಮ್ಮ, ಮಾರಿಯಮ್ಮರ ಗುಡಿಗಳು. ಮೂರನೆಯದು ಅಲ್ಲಿಂದ ಅನತಿದೂರದ ಫ್ರೇಜರ್ ಟೌನಿನ ನೇರವಾದ ರಸ್ತೆಗಳು. ಒಂದಕ್ಕೊಂದು ಸಂಬಂಧವಿಲ್ಲದಂತೆ ತೋರುವ ಈ ಮೂರೂ ಒಂದೇ ಪ್ರಶ್ನೆಗೆ ಬೇರೆ ಬೇರೆ ಕಾಲದಲ್ಲಿ ದೊರೆತ ಉತ್ತರಗಳಾಗಿವೆ. ಆ ಪ್ರಶ್ನೆಯೆಂದರೆ: ಕಾಯಿಲೆ ಎಲ್ಲಿಂದ ಬರುತ್ತದೆ?

ಗಾಳಿಯಿಂದ ಎಂದಿತು ಅಂದಿನ ವೈದ್ಯಶಾಸ್ತ್ರ. ದೇವಿಯ ಮುನಿಸಿನಿಂದ ಎಂದರು ಜನ. ಇಲಿಯ ಮೈಮೇಲಿನ ಚಿಗಟದಿಂದ ಎಂದು ಕೊನೆಗೆ ಪ್ರಯೋಗ ತೋರಿಸಿಕೊಟ್ಟಿತು. ಮೊದಲ ಎರಡು ಉತ್ತರಗಳು ತಪ್ಪಾಗಿದ್ದವು. ಆದರೆ ಎರಡರ ಹಿಂದೆಯೂ ನಿಜವಾದ ಅವಲೋಕನವಿತ್ತು. ನಂಬಿಕೆಗಳು ಹುಟ್ಟುವುದು ಹೇಗೆ, ಉಳಿಯುವುದು ಏಕೆ, ಅವನ್ನು ಪರೀಕ್ಷಿಸುವ ಮಾರ್ಗ ಯಾವುದು ಎಂಬುದನ್ನು ಅರಿಯಲು ದಂಡು ಪ್ರದೇಶದ ಚರಿತ್ರೆಗಿಂತ ಹತ್ತಿರದ ಉದಾಹರಣೆ ನಮಗೆ ಸಿಗಲಾರದು.

ಗಾಳಿಯನ್ನು ನಂಬಿ ಬಂದ ಸೇನೆ

1799ರಲ್ಲಿ ಟಿಪ್ಪು ಸುಲ್ತಾನನ ಪತನದ ನಂತರ ಬ್ರಿಟಿಷ್ ಪಡೆಗಳು ಶ್ರೀರಂಗಪಟ್ಟಣದಲ್ಲಿ ಬೀಡುಬಿಟ್ಟವು. ಅಲ್ಲಿ ಜ್ವರದ ಕಾಟ ತೀವ್ರವಾಗಿತ್ತು. ಕಾವೇರಿಯ ನಡುವಿನ ಆ ತಗ್ಗು ದ್ವೀಪದ ಹವೆ ರೋಗಕಾರಕವೆಂದು ಸೇನೆಯ ವೈದ್ಯರು ಭಾವಿಸಿದರು. ಎತ್ತರದ, ತಂಪಾದ, ಒಣ ಹವೆಯ ಬೆಂಗಳೂರು ಅವರಿಗೆ ಸೂಕ್ತವಾಗಿ ಕಂಡಿತು. 1809ರ ಹೊತ್ತಿಗೆ ಹಲಸೂರಿನ ಬಳಿ ದಂಡು ನೆಲೆಗೊಂಡಿತು. ಅದರ ಸುತ್ತ ಬೆಳೆದ ಪೇಟೆಗಳೇ ಇಂದಿನ ಶಿವಾಜಿನಗರ ಮತ್ತು ಹಲಸೂರುಗಳ ಬಹುಭಾಗ.

ಕೊಳೆತ ವಸ್ತುಗಳಿಂದಲೂ ಜೌಗು ನೆಲದಿಂದಲೂ ಏಳುವ ದುಷ್ಟ ಆವಿಯೇ ಜ್ವರಕ್ಕೆ ಕಾರಣವೆಂಬ ಸಿದ್ಧಾಂತ ಆಗ ಯುರೋಪಿನಲ್ಲೆಲ್ಲ ಪ್ರಚಲಿತವಾಗಿತ್ತು. ಮಲೇರಿಯಾ ಎಂಬ ಇಟಾಲಿಯನ್ ಮೂಲದ ಪದದ ಅರ್ಥವೇ ಕೆಟ್ಟ ಗಾಳಿ. ಸಿದ್ಧಾಂತ ತಪ್ಪಾಗಿದ್ದರೂ ಅದರ ಆಧಾರ ಕಲ್ಪಿತವಲ್ಲ. ಜೌಗಿನ ಬಳಿ ಜ್ವರ ಹೆಚ್ಚು, ಎತ್ತರದ ಒಣ ನೆಲದಲ್ಲಿ ಕಡಿಮೆ ಎಂಬುದು ನಿಜವೇ ಆಗಿತ್ತು. ಜೌಗಿನಲ್ಲಿ ಗಾಳಿಯ ಜೊತೆಗೆ ಸೊಳ್ಳೆಯೂ ಇದೆ ಎಂಬ ಸಂಗತಿಯನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ, ಅಷ್ಟೆ. ಹೀಗೆ, ಬೆಂಗಳೂರಿನ ಅರ್ಧ ಭಾಗ ರೂಪುಗೊಂಡದ್ದರ ಹಿಂದೆ ಸರಿಯಾದ ಅವಲೋಕನದಿಂದ ತೆಗೆದ ತಪ್ಪು ತೀರ್ಮಾನವೊಂದಿದೆ.

ಅಮ್ಮನ ಮುತ್ತುಗಳು

ದಂಡಿನ ಕೆಲಸಗಳಿಗಾಗಿ ತಮಿಳು, ತೆಲುಗು ಪ್ರಾಂತಗಳಿಂದ ಬಂದು ನೆಲೆಸಿದ ಜನ ತಮ್ಮೊಡನೆ ಗ್ರಾಮದೇವತೆಗಳನ್ನೂ ಕರೆತಂದರು. ಕನ್ನಡ ಸೀಮೆಯ ಮಾರಮ್ಮ ಮೊದಲೇ ಇಲ್ಲಿದ್ದಳು. ಇವರೆಲ್ಲರ ಅಧಿಕಾರವ್ಯಾಪ್ತಿಯಲ್ಲಿ ಮುಖ್ಯವಾದುದು ಸಿಡುಬು. ಸಿಡುಬಿನ ಗುಳ್ಳೆಗಳನ್ನು ತಮಿಳು ಆಡುಮಾತಿನಲ್ಲಿ ಮುತ್ತು ಎನ್ನುವುದುಂಟು. ಮುತ್ಯಾಲಮ್ಮನೆಂಬ ಹೆಸರನ್ನು ಇದರೊಂದಿಗೆ ಸಂಬಂಧಿಸಿ ಹೇಳಲಾಗುತ್ತದೆ. ನಮ್ಮಲ್ಲಿಯೂ 'ಅಮ್ಮ ಬಂದಿದೆ' ಎಂದರೆ ರೋಗ ಬಂದಿದೆಯೆಂದೇ ಅರ್ಥ. ದೇವಿ ರೋಗವನ್ನು ಕಳುಹಿಸುವವಳು ಮಾತ್ರವಲ್ಲ, ರೋಗಿಯ ಮೈಯಲ್ಲಿ ಸ್ವತಃ ನೆಲೆಸುವವಳು. ಆದುದರಿಂದಲೇ ರೋಗಿಯನ್ನು ಬಯ್ಯಬಾರದು, ಅವನಿಗೆ ನೋವಾಗದಂತೆ ನೋಡಿಕೊಳ್ಳಬೇಕು.

ಈ ಆಚರಣೆಗಳಲ್ಲಿ ಉಪಯುಕ್ತವಾದ ಅಂಶವೂ ಇತ್ತು. ಬಾಗಿಲಿಗೆ ಕಟ್ಟಿದ ಬೇವಿನ ಸೊಪ್ಪು ಆ ಮನೆಗೆ ಹೊರಗಿನವರು ಹೋಗಬಾರದೆಂಬ ಸೂಚನೆಯಾಗಿತ್ತು. ರೋಗಿ ಪ್ರತ್ಯೇಕವಾಗಿರುತ್ತಿದ್ದ, ತಂಪಾದ ಆಹಾರ ಸೇವಿಸುತ್ತಿದ್ದ. ಕಾರಣ ತಪ್ಪಾಗಿದ್ದರೂ ನಡವಳಿಕೆಯಿಂದ ಕೆಲವರಿಗಾದರೂ ರಕ್ಷಣೆ ದೊರೆಯುತ್ತಿತ್ತು. ಆದರೆ ಸಿಡುಬನ್ನು ತಡೆಯುವ ಶಕ್ತಿ ಈ ಆಚರಣೆಗಿರಲಿಲ್ಲ. ಆ ಶಕ್ತಿ ಇದ್ದುದು 1796ರಲ್ಲಿ ಎಡ್ವರ್ಡ್ ಜೆನ್ನರ್ ಪರೀಕ್ಷಿಸಿ ತೋರಿಸಿದ ಲಸಿಕೆಗೆ. 1802ರಲ್ಲಿ ಲಸಿಕೆ ಮುಂಬಯಿಗೆ ಬಂದಿಳಿಯಿತು. ಮರುವರ್ಷವೇ ಮೈಸೂರು ಸೀಮೆಯಲ್ಲಿ ಅದನ್ನು ಹಬ್ಬಿಸಿದವರಲ್ಲಿ ಫ್ರೆಂಚ್ ಪಾದ್ರಿ ಅಬ್ಬೆ ದ್ಯುಬುವಾ ಪ್ರಮುಖರು. 1803-04ರಲ್ಲಿ ಅವರ ಮೇಲ್ವಿಚಾರಣೆಯಲ್ಲಿ 25 ಸಾವಿರಕ್ಕೂ ಹೆಚ್ಚು ಜನರಿಗೆ ಲಸಿಕೆ ಹಾಕಿದ ದಾಖಲೆಯಿದೆ. ಶಿವಾಜಿನಗರದ ಇಂದಿನ ಸೇಂಟ್ ಮೇರಿ ಬೆಸಿಲಿಕಾದ ಮೂಲವಾದ ಪ್ರಾರ್ಥನಾ ಮಂದಿರವನ್ನು ಸ್ಥಾಪಿಸಿದವರೂ ಇವರೇ ಎಂದು ಚರ್ಚಿನ ಇತಿಹಾಸ ತಿಳಿಸುತ್ತದೆ.

ಲಸಿಕೆ ಬಂದಾಗ ನಂಬಿಕೆ ಅಳಿಯಲಿಲ್ಲ, ಹೊಂದಿಕೊಂಡಿತು. ಉತ್ತರ ಕರ್ನಾಟಕದ ಕಡೆ ಲಸಿಕೆ ಹಾಕಿಸುವುದಕ್ಕೆ 'ದೇವಿ ಹಾಕಿಸುವುದು' ಎಂಬ ಮಾತೇ ಬಳಕೆಗೆ ಬಂತು. 1975ರಲ್ಲಿ ಭಾರತದಲ್ಲಿ ಸಿಡುಬಿನ ಕೊನೆಯ ಪ್ರಕರಣ ದಾಖಲಾಯಿತು. 1980ರಲ್ಲಿ ಜಗತ್ತೇ ಸಿಡುಬುಮುಕ್ತವೆಂದು ಘೋಷಣೆಯಾಯಿತು. ಅಮ್ಮನ ಗುಡಿಗಳು ಮಾತ್ರ ಹಾಗೆಯೇ ಉಳಿದವು.

1898: ಪ್ಲೇಗ್ ಬಂತು

1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗ್ 1898ರ ಆಗಸ್ಟ್‌ನಲ್ಲಿ ರೈಲುಮಾರ್ಗವಾಗಿ ಹುಬ್ಬಳ್ಳಿಯ ಕಡೆಯಿಂದ ಬೆಂಗಳೂರನ್ನು ತಲುಪಿತು. ತೀವ್ರ ಜ್ವರ, ತೊಡೆಸಂದಿಯಲ್ಲಿ ಅಥವಾ ಕಂಕುಳಲ್ಲಿ ಗಡ್ಡೆ, ಕೆಲವೇ ದಿನಗಳಲ್ಲಿ ಸಾವು. ಪೇಟೆಯೂ ದಂಡೂ ಸಮಾನವಾಗಿ ತತ್ತರಿಸಿದವು. 1891ರ ಜನಗಣತಿಯಲ್ಲಿ ಎರಡೂ ಸೇರಿ 1,80,366 ಇದ್ದ ಜನಸಂಖ್ಯೆ 1901ರಲ್ಲಿ 1,59,046ಕ್ಕೆ ಇಳಿದಿತ್ತು. ದಂಡು ಪ್ರದೇಶವೊಂದರಲ್ಲೇ ಅದು 1,00,081ರಿಂದ 89,599ಕ್ಕೆ ಕುಸಿಯಿತು. ಈ ಇಳಿಕೆಯಲ್ಲಿ ಸತ್ತವರೂ ಊರು ಬಿಟ್ಟವರೂ ಸೇರಿದ್ದಾರೆ.

ಸರ್ಕಾರದ ಕ್ರಮಗಳು ಕಠೋರವಾಗಿದ್ದವು. ಮನೆಮನೆ ಶೋಧ, ರೋಗಿಗಳನ್ನೂ ಅವರ ಬಂಧುಗಳನ್ನೂ ಬೇರೆ ಬೇರೆ ಶಿಬಿರಗಳಿಗೆ ಸಾಗಿಸುವುದು, ಬಟ್ಟೆಬರೆ ಸುಡುವುದು, ರೈಲು ಪ್ರಯಾಣಿಕರ ತಪಾಸಣೆ ಇತ್ಯಾದಿಗಳಿಂದ ಜನ ರೋಗಕ್ಕಿಂತ ಹೆಚ್ಚಾಗಿ ಅಧಿಕಾರಿಗಳಿಗೆ ಹೆದರಿದರು. 1897ರಲ್ಲಿ ಪುಣೆಯ ಪ್ಲೇಗ್ ಅಧಿಕಾರಿ ರ್‍ಯಾಂಡ್ ಹತ್ಯೆಯಾಗಿತ್ತು. 1898ರಲ್ಲಿ ಶ್ರೀರಂಗಪಟ್ಟಣದ ಬಳಿಯ ಗಂಜಾಂನಲ್ಲಿ ಗಲಭೆಯಾಯಿತು. ಆಸ್ಪತ್ರೆಗೆ ಹೋದವರು ಮರಳುವುದಿಲ್ಲ ಎಂಬ ವದಂತಿ ಹಬ್ಬಿತು; ತಡವಾಗಿ ಆಸ್ಪತ್ರೆ ಸೇರಿದ ಬಹುಪಾಲು ರೋಗಿಗಳು ಸಾಯುತ್ತಲೂ ಇದ್ದುದರಿಂದ ಆ ವದಂತಿಗೆ ಸಾಕ್ಷ್ಯವೂ ಒದಗುತ್ತಿತ್ತು. ಇಂತಹ ಸನ್ನಿವೇಶದಲ್ಲಿ ಜನ ಪರಿಚಿತಳಾದ ಅಮ್ಮನ ಮೊರೆಹೊಕ್ಕದ್ದು ಸಹಜವೇ ಆಗಿತ್ತು. ಪ್ಲೇಗಮ್ಮ, ಪ್ಲೇಗ್ ಮಾರಿಯಮ್ಮ ಎಂಬ ಹೆಸರಿನ ಗುಡಿಗಳು ಬೆಂಗಳೂರಿನಲ್ಲಿ ಇಂದಿಗೂ ಪೂಜೆಗೊಳ್ಳುತ್ತಿವೆ.

'ಇಲಿ ಬಿತ್ತು'

ಹಳೆಯ ಮೈಸೂರಿನ ಹಿರಿಯರ ಮಾತಿನಲ್ಲಿ ಪ್ಲೇಗಿನ ಮುನ್ಸೂಚನೆ ಇದ್ದುದು ಈ ಎರಡು ಪದಗಳಲ್ಲಿ. ಮನೆಯಲ್ಲಿ ಇಲಿ ಸತ್ತು ಬಿದ್ದರೆ ಊರು ಬಿಟ್ಟು ಹೊರಗೆ ಗುಡಿಸಲು ಹಾಕಿಕೊಳ್ಳುತ್ತಿದ್ದರು. ಎಸ್.ಎಲ್. ಭೈರಪ್ಪನವರ 'ಗೃಹಭಂಗ' ಕಾದಂಬರಿ ಓದಿದವರಿಗೆ ಈ ಚಿತ್ರ ಪರಿಚಿತ. ಇಲಿ ಬೀಳುವುದು ಮಾರಿಯ ಆಗಮನದ ಶಕುನವೆಂದು ಜನ ತಿಳಿದಿದ್ದರು. ಶಕುನವೆಂಬುದು ತಪ್ಪು, ಆದರೆ ಇಲಿಗೂ ರೋಗಕ್ಕೂ ಸಂಬಂಧವಿದೆ ಎಂಬುದು ಸರಿ. ಊರು ಬಿಡುವುದೂ ಸರಿಯಾದ ಕ್ರಮವೇ ಆಗಿತ್ತು.

ಪ್ಲೇಗಿನ ಸೂಕ್ಷ್ಮಾಣುವನ್ನು ಅಲೆಕ್ಸಾಂಡರ್ ಯೆರ್ಸಿನ್ 1894ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಗುರುತಿಸಿದ್ದರು. ಅದು ಇಲಿಯಿಂದ ಮನುಷ್ಯನಿಗೆ ದಾಟುವ ಬಗೆ ತಿಳಿದಿರಲಿಲ್ಲ. ಬೆಂಗಳೂರಿಗೆ ಪ್ಲೇಗ್ ಕಾಲಿಡುವುದಕ್ಕೆ ಎರಡು ತಿಂಗಳ ಮುನ್ನ, 1898ರ ಜೂನ್‌ನಲ್ಲಿ, ಪಾಲ್-ಲೂಯಿ ಸಿಮಾಂಡ್ ಎಂಬ ಫ್ರೆಂಚ್ ವೈದ್ಯ ಕರಾಚಿಯಲ್ಲಿ ಒಂದು ಸರಳ ಪ್ರಯೋಗ ನಡೆಸಿದರು. ದೊಡ್ಡ ಗಾಜಿನ ಪಾತ್ರೆಯೊಂದರಲ್ಲಿ ಚಿಗಟಗಳಿದ್ದ ಪ್ಲೇಗ್‌ಪೀಡಿತ ಇಲಿಯನ್ನಿಟ್ಟು, ಅದನ್ನು ಮುಟ್ಟಲಾಗದಂತೆ ಜಾಲರಿಯೊಳಗೆ ಆರೋಗ್ಯವಂತ ಇಲಿಯನ್ನಿರಿಸಿದರು. ರೋಗಿಷ್ಠ ಇಲಿ ಸತ್ತ ಕೆಲವು ದಿನಗಳಲ್ಲಿ ಜಾಲರಿಯೊಳಗಿನ ಇಲಿಯೂ ಪ್ಲೇಗಿನಿಂದ ಸತ್ತಿತು. ಚಿಗಟಗಳಿಲ್ಲದ ರೋಗಿಷ್ಠ ಇಲಿಯನ್ನಿಟ್ಟಾಗ ಪಕ್ಕದ ಇಲಿಗೆ ಏನೂ ಆಗಲಿಲ್ಲ. ಗಾಳಿ ಎರಡೂ ಕಡೆ ಒಂದೇ ಆಗಿತ್ತು. ವ್ಯತ್ಯಾಸವಿದ್ದುದು ಚಿಗಟದಲ್ಲಿ ಮಾತ್ರ.

ವಿಜ್ಞಾನಿಗಳು ಇದನ್ನು ಕೂಡಲೇ ಒಪ್ಪಿದರೆಂದು ತಿಳಿಯಬಾರದು. ಆ ಕಾಲದ ಪ್ಲೇಗ್ ಆಯೋಗ ಚಿಗಟದ ವಾದವನ್ನು ತಳ್ಳಿಹಾಕಿತು. 1905ರಲ್ಲಿ ಆರಂಭವಾದ ಮತ್ತೊಂದು ತನಿಖೆ ಮುಂಬಯಿಯಲ್ಲಿ ಪ್ರಯೋಗಗಳನ್ನು ವಿಸ್ತಾರವಾಗಿ ನಡೆಸಿದ ನಂತರವೇ ಸಿಮಾಂಡ್ ಹೇಳಿದ್ದು ಸ್ಥಿರಪಟ್ಟಿತು. ತಜ್ಞರೂ ಪೂರ್ವಗ್ರಹದಿಂದ ಮುಕ್ತರಲ್ಲ. ಆದರೆ ಪೂರ್ವಗ್ರಹವನ್ನು ಮಣಿಸುವ ವಿಧಾನವೊಂದು ಅವರ ಕೈಯಲ್ಲಿತ್ತು.

ಹರಕೆ ಫಲಿಸಿದಂತೆ ಕಾಣುವುದೇಕೆ?

ಪೂಜೆಯ ನಂತರ ಪ್ಲೇಗ್ ಇಳಿಯಿತು ಎಂಬ ಸ್ಮೃತಿ ಸುಳ್ಳಲ್ಲ. ದಖ್ಖನಿನ ಊರುಗಳಲ್ಲಿ ಪ್ಲೇಗ್ ಸಾಮಾನ್ಯವಾಗಿ ಮಳೆಗಾಲ ಕಳೆದ ಮೇಲೆ ಏರಿ, ಚಳಿಗಾಲದಲ್ಲಿ ಉಲ್ಬಣಿಸಿ, ಬೇಸಿಗೆಯಲ್ಲಿ ಇಳಿಯುತ್ತಿತ್ತು. ಬಿಸಿಯಾದ ಒಣ ಹವೆಯಲ್ಲಿ ಚಿಗಟಗಳು ಹೆಚ್ಚು ಕಾಲ ಬದುಕಲಾರವು. ನಮ್ಮ ಮಾರಿಹಬ್ಬಗಳು ಬಹುತೇಕ ನಡೆಯುವುದೂ ಬೇಸಿಗೆಯಲ್ಲೇ. ಹಬ್ಬವೂ ರೋಗದ ಇಳಿತವೂ ಒಟ್ಟಿಗೆ ಬಂದಾಗ ಒಂದು ಮತ್ತೊಂದರ ಕಾರಣವಾಗಿ ಕಾಣುತ್ತದೆ. ಅಲ್ಲದೆ ಜನ ಹರಕೆ ಹೊರುವುದು ಸಾವು ತುತ್ತತುದಿಗೇರಿದಾಗ. ತುತ್ತತುದಿಯ ನಂತರ ಉಳಿದಿರುವ ದಾರಿ ಇಳಿಜಾರೊಂದೇ. ಹರಕೆ ಹೊತ್ತೂ ಸತ್ತವರ ಕಥೆ ಹೇಳುವವರು ವಿರಳ. ಬದುಕಿ ಉಳಿದವರ ಕಥೆ ಗುಡಿಯ ಕಥೆಯಾಗುತ್ತದೆ.

ಇದಕ್ಕೆ ಜೀವವಿಕಾಸದ ಹಿನ್ನೆಲೆಯೂ ಇದೆಯೆಂದು ಮನೋವಿಜ್ಞಾನಿಗಳಲ್ಲಿ ಹಲವರು ವಾದಿಸುತ್ತಾರೆ. ಪೊದೆ ಅಲುಗಿದಾಗ ಅಲ್ಲಿ ಹುಲಿಯಿದೆಯೆಂದು ತಿಳಿದು ಓಡಿದವನಿಗೆ, ಅದು ಬರಿಯ ಗಾಳಿಯಾಗಿದ್ದರೂ, ಹೆಚ್ಚಿನ ನಷ್ಟವಿಲ್ಲ. ಗಾಳಿಯೆಂದು ಸುಮ್ಮನಿದ್ದವನಿಗೆ ಅದು ಹುಲಿಯಾಗಿದ್ದರೆ ಪ್ರಾಣವೇ ಹೋಗುತ್ತದೆ. ಆದ್ದರಿಂದ ಪ್ರತಿ ಘಟನೆಯ ಹಿಂದೆ ಯಾರೋ ಇದ್ದಾರೆಂದು ಊಹಿಸುವ ಪ್ರವೃತ್ತಿ ಮಾನವನಲ್ಲಿ ಬೇರೂರಿದೆ ಎಂಬುದು ಅವರ ವಿವರಣೆ. ಕಣ್ಣಿಗೆ ಕಾಣದ ಸೂಕ್ಷ್ಮಾಣುವಿಗಿಂತ ಮುನಿದ ಅಮ್ಮ ಮನಸ್ಸಿಗೆ ಸುಲಭವಾಗಿ ನಿಲುಕುತ್ತಾಳೆ. ಆಕೆಯನ್ನು ಒಲಿಸಿಕೊಳ್ಳಲು ಮಾಡಬೇಕಾದ ಕೆಲಸವೊಂದು ಇರುತ್ತದೆ.

ಸೊಳ್ಳೆಯ ಪರ ನಿಂತ ಅಧಿಕಾರಿ

ಈ ಪ್ರವೃತ್ತಿ ಗ್ರಾಮೀಣರಿಗೆ ಅಥವಾ ಅನಕ್ಷರಸ್ಥರಿಗೆ ಸೀಮಿತವೆಂದು ಭಾವಿಸುವವರು ದಂಡಿನಲ್ಲೇ ನಡೆದ ಪ್ರಸಂಗವೊಂದನ್ನು ತಿಳಿಯಬೇಕು. ಮುಂದೆ ಮಲೇರಿಯಾ ಸಂಶೋಧನೆಗಾಗಿ 1902ರ ನೊಬೆಲ್ ಪ್ರಶಸ್ತಿ ಪಡೆದ ರೊನಾಲ್ಡ್ ರಾಸ್ 1883ರಲ್ಲಿ ಬೆಂಗಳೂರಿನಲ್ಲಿ ಸೇನಾ ವೈದ್ಯರಾಗಿದ್ದರು. ತಮ್ಮ ಬಂಗಲೆಯಲ್ಲಿ ಸೊಳ್ಳೆಗಳು ವಿಪರೀತವಾಗಿದ್ದುದನ್ನು ಕಂಡು ಹುಡುಕಿದಾಗ ಕಿಟಕಿಯ ಹೊರಗಿನ ತೊಟ್ಟಿಯ ನೀರಿನಲ್ಲಿ ಮರಿಗಳು ಸಿಕ್ಕವು. ತೊಟ್ಟಿಯನ್ನು ಬರಿದು ಮಾಡಿದರು. ಸೊಳ್ಳೆಗಳು ಬಹುತೇಕ ಮಾಯವಾದವು. ಅಧಿಕಾರಿಗಳ ಭೋಜನಶಾಲೆಯಲ್ಲಿಯೂ ತೋಟದ ತೊಟ್ಟಿಗಳಲ್ಲಿ, ಮೇಜಿನ ಕೆಳಗಿನ ಡಬ್ಬಿಗಳಲ್ಲಿ, ಹೂದಾನಿಗಳಲ್ಲಿ ನಿಂತ ನೀರನ್ನು ಚೆಲ್ಲಿಸೋಣವೆಂದು ಅವರು ಸಲಹೆ ನೀಡಿದರು. ಅಲ್ಲಿನ ಅಧಿಕಾರಿ ಒಪ್ಪಲಿಲ್ಲ. ಸೊಳ್ಳೆಗಳನ್ನು ಯಾವುದೋ ಉದ್ದೇಶಕ್ಕಾಗಿ ಸೃಷ್ಟಿಸಲಾಗಿದೆ, ಅವನ್ನು ಸಹಿಸುವುದೇ ನಮ್ಮ ಕರ್ತವ್ಯ, ನಿಸರ್ಗದ ವ್ಯವಸ್ಥೆಯನ್ನು ಕೆಡಿಸಬಾರದು ಎಂಬುದು ಆತನ ವಾದವಾಗಿತ್ತೆಂದು ರಾಸ್ ತಮ್ಮ ಆತ್ಮಕಥನದಲ್ಲಿ ನೆನಪಿಸಿಕೊಂಡಿದ್ದಾರೆ.

ಡಾರ್ವಿನ್ನನ ಗ್ರಂಥ ಪ್ರಕಟವಾಗಿ ಆಗ 24 ವರ್ಷಗಳಾಗಿದ್ದವು. ಜೀವಿಗಳು ಯಾರದೋ ಉದ್ದೇಶಕ್ಕಾಗಿ ರೂಪುಗೊಂಡವಲ್ಲ, ನಿಸರ್ಗದ ಆಯ್ಕೆಯಿಂದ ರೂಪುಗೊಂಡವು ಎಂಬ ವಿಚಾರ ವಿದ್ಯಾವಂತ ಅಧಿಕಾರಿಯ ದೈನಂದಿನ ಆಲೋಚನೆಯನ್ನೂ ತಲುಪಿರಲಿಲ್ಲ. ರಾಸ್ ಕೂಡ ತಪ್ಪು ಮಾಡದವರಲ್ಲ. ಮಲೇರಿಯಾ ಕರುಳಿನ ದೋಷದಿಂದ ಬರುತ್ತದೆಂದು ಅವರು ವರ್ಷಗಳ ಕಾಲ ನಂಬಿದ್ದರು. 1894ರಲ್ಲಿ ಲಂಡನ್ನಿನಲ್ಲಿ ಪ್ಯಾಟ್ರಿಕ್ ಮ್ಯಾನ್ಸನ್ ಸೂಕ್ಷ್ಮದರ್ಶಕದಡಿ ಪರೋಪಜೀವಿಯನ್ನು ತೋರಿಸಿದಾಗ ಆ ನಂಬಿಕೆಯನ್ನು ಕೈಬಿಟ್ಟರು. 1895ರಲ್ಲಿ ಕಾಲರಾ ನಿಯಂತ್ರಣಕ್ಕಾಗಿ ಮತ್ತೆ ಬೆಂಗಳೂರಿಗೆ ನಿಯುಕ್ತರಾದರು. 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯಾ ಪರೋಪಜೀವಿಯನ್ನು ಕಂಡರು.

ಪ್ಲೇಗಿನ ಸೂಕ್ಷ್ಮಾಣುವಿನ ಕಥೆಯೂ ವಿಕಾಸದ ಕಥೆಯೇ. ಅದು ಕೆಲವೇ ಸಾವಿರ ವರ್ಷಗಳ ಹಿಂದೆ ಕರುಳಿನ ಸಾಮಾನ್ಯ ಕಾಯಿಲೆ ತರುವ ಸೂಕ್ಷ್ಮಾಣುವೊಂದರಿಂದ ಕವಲೊಡೆಯಿತೆಂದು ವಂಶವಾಹಿಗಳ ಅಧ್ಯಯನ ತೋರಿಸಿದೆ. ಚಿಗಟದ ಹೊಟ್ಟೆಯಲ್ಲಿ ಬದುಕುಳಿಯಲು ನೆರವಾಗುವ ವಂಶವಾಹಿಯೊಂದನ್ನು ಗಳಿಸಿದ ನಂತರ ಅದು ಹರಡುವ ಬಗೆಯೇ ಬದಲಾಯಿತು. ಚಿಗಟದ ಅನ್ನನಾಳವನ್ನು ಅದು ಕಟ್ಟಿಬಿಡುತ್ತದೆ. ಹಸಿದ ಚಿಗಟ ಮತ್ತೆ ಮತ್ತೆ ಕಚ್ಚುತ್ತದೆ. ಕಚ್ಚಿದಲ್ಲೆಲ್ಲ ರೋಗ ಹೊಕ್ಕುತ್ತದೆ. ಇದರಲ್ಲಿ ಮುನಿಸೂ ಇಲ್ಲ, ಶಿಕ್ಷೆಯೂ ಇಲ್ಲ. 2023ರಲ್ಲಿ ಎನ್‌ಸಿಇಆರ್‌ಟಿಯು 10ನೇ ತರಗತಿಯ ಪಠ್ಯದಿಂದ ಜೀವವಿಕಾಸದ ಪಾಠವನ್ನು ಕೈಬಿಟ್ಟಾಗ 1,800ಕ್ಕೂ ಹೆಚ್ಚು ವಿಜ್ಞಾನಿಗಳು, ಶಿಕ್ಷಕರು ಬಹಿರಂಗ ಪತ್ರದ ಮೂಲಕ ಆಕ್ಷೇಪಿಸಿದ್ದು ಈ ಕಾರಣಕ್ಕೇ. ರೋಗಾಣು ಏಕೆ ಬದಲಾಗುತ್ತದೆ, ಔಷಧಕ್ಕೆ ಏಕೆ ಮಣಿಯದಾಗುತ್ತದೆ ಎಂಬುದಕ್ಕೆ ವಿಕಾಸವನ್ನು ಬಿಟ್ಟರೆ ಬೇರೆ ವಿವರಣೆಯಿಲ್ಲ.

ಪ್ಲೇಗಿಗೆಂದೇ ಕಟ್ಟಿದ ಬಡಾವಣೆ

ಪ್ಲೇಗಿನ ವರ್ಷಗಳ ನಂತರ ದಂಡಿನ ಕಿಕ್ಕಿರಿದ ಬಸ್ತಿಗಳಿಂದ ಜನರನ್ನು ಹೊರತರಲು ಹೊಸ ಬಡಾವಣೆಯ ಯೋಜನೆ ರೂಪುಗೊಂಡಿತು. ಅಂದಿನ ಬ್ರಿಟಿಷ್ ರೆಸಿಡೆಂಟ್ ಸ್ಟುವರ್ಟ್ ಫ್ರೇಜರ್ ಅವರ ಹೆಸರಿನ ಈ ಬಡಾವಣೆಯ ಕೆಲಸ 1906ರಲ್ಲಿ ಆರಂಭವಾಯಿತು. ಪ್ಲೇಗ್ ನಿಯಂತ್ರಣದ ಹೊಣೆ ಹೊತ್ತಿದ್ದ ಜೆ.ಎಚ್. ಸ್ಟೀಫನ್ಸ್ ಇದರ ರೂವಾರಿ. ಬೆಂಗಳೂರಿನ ಪ್ಲೇಗ್‌ನಿರೋಧಕ ನಗರಯೋಜನೆಯ ಬಗ್ಗೆ 1914ರಲ್ಲಿ ಅವರು ಪುಸ್ತಕವನ್ನೂ ಪ್ರಕಟಿಸಿದರು. ಬೆಳಕು ಗಾಳಿ ಧಾರಾಳವಾಗಿರಬೇಕು, ಇಲಿ ಬಿಲ ತೋಡದಂತಹ ಅಡಿಪಾಯವಿರಬೇಕು, ಅದು ಅಡಗಲು ಸಂದುಗಳಿರಬಾರದು ಎಂಬುದು ಮನೆಗಳ ವಿನ್ಯಾಸದ ತತ್ವ. ಇಂದು ಪುಲಕೇಶಿನಗರವೆಂದೂ ಕರೆಯಲಾಗುವ ಆ ಭಾಗದಲ್ಲಿ ಸ್ಟೀಫನ್ಸ್ ಹೆಸರಿನ ರಸ್ತೆ ಈಗಲೂ ಇದೆ. ಒಂದೇ ರೋಗಕ್ಕೆ ಒಂದು ಬೀದಿಯಲ್ಲಿ ಗುಡಿ ಎದ್ದರೆ ಮತ್ತೊಂದು ಬೀದಿಯಲ್ಲಿ ಅಡಿಪಾಯ ಬದಲಾಯಿತು.

ಹೊಸ ರೋಗ, ಹೊಸ ಅಮ್ಮ

ನಂಬಿಕೆಗಳೂ ಕಾಲಕ್ಕೆ ತಕ್ಕಂತೆ ಬದಲಾಗುತ್ತವೆ. 1997ರಲ್ಲಿ ಮಂಡ್ಯ ಜಿಲ್ಲೆಯ ಮೆಣಸಿಕ್ಯಾತನಹಳ್ಳಿಯಲ್ಲಿ ಶಾಲಾ ಶಿಕ್ಷಕರೊಬ್ಬರ ಮುಂದಾಳತ್ವದಲ್ಲಿ 'ಏಡ್ಸಮ್ಮ'ನ ಗುಡಿ ಎದ್ದಿತು. ಅದರ ಉದ್ದೇಶ ಹರಕೆಯಾಗಿರಲಿಲ್ಲ. ಏಡ್ಸ್ ಹರಡುವ ಬಗೆಯನ್ನು ಜನರಿಗೆ ತಿಳಿಸುವುದಾಗಿತ್ತು. 2021ರಲ್ಲಿ ಕೊಳ್ಳೇಗಾಲ ಬಳಿಯ ಮಧುವನಹಳ್ಳಿಯಲ್ಲಿ 'ಕೊರೊನಾ ಮಾರಮ್ಮ'ನ ಪೂಜೆ ಸುದ್ದಿಯಾಯಿತು. ಗುಡಿ ಭಯವನ್ನು ಹಂಚಿಕೊಳ್ಳುವ ತಾಣವಾಗುವುದಕ್ಕೆ ಯಾರದೂ ಆಕ್ಷೇಪವಿರಬೇಕಿಲ್ಲ. ಲಸಿಕೆಯ ಬದಲು ಹರಕೆ ಸಾಕೆಂದಾಗ ಪ್ರಾಣ ಹೋಗುತ್ತದೆ.

ಇಂತಹ ವಿವೇಚನೆಯನ್ನು ಕರ್ನಾಟಕದಲ್ಲಿ ಸಾರ್ವಜನಿಕವಾಗಿ ಬೆಳೆಸಿದವರಲ್ಲಿ ಡಾ. ಎಚ್. ನರಸಿಂಹಯ್ಯನವರು (1920-2005) ಅಗ್ರಗಣ್ಯರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನೂ ಪರೀಕ್ಷಿಸಬಹುದಾದ ಮೂಢನಂಬಿಕೆಗಳನ್ನೂ ತನಿಖೆ ಮಾಡಲು ಸಮಿತಿಯೊಂದನ್ನು ರಚಿಸಿದರು. ಇಲ್ಲಿ 'ಪರೀಕ್ಷಿಸಬಹುದಾದ' ಎಂಬ ಪದ ಮುಖ್ಯವಾದುದು. ದೇವರಿದ್ದಾನೆಯೇ ಎಂಬುದು ಸಮಿತಿಯ ವಿಷಯವಾಗಿರಲಿಲ್ಲ. ಇಂತಹುದು ಸಂಭವಿಸುತ್ತದೆ ಎಂದು ಯಾರಾದರೂ ಹೇಳಿದರೆ, ಸಿಮಾಂಡ್ ಇಲಿಗಳನ್ನಿಟ್ಟು ನೋಡಿದಂತೆ, ಅದನ್ನೂ ನೋಡೋಣ ಎಂಬುದಷ್ಟೇ ಆಶಯವಾಗಿತ್ತು.

ಹೂದಾನಿಯ ನೀರು

ಬೆಂಗಳೂರಿನಲ್ಲಿ ಪ್ಲೇಗ್ ಇಂದು ಚರಿತ್ರೆ. ಆದರೆ ರಾಸ್ ಕಂಡ ತೊಟ್ಟಿಯ ನೀರು ಚರಿತ್ರೆಯಾಗಿಲ್ಲ. 2024ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿತು. ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಡುವುದು ಚರಂಡಿಯ ಕೊಳಚೆಯಲ್ಲಿ ಅಲ್ಲ. ಮನೆಯ ಒಳಗೂ ಹೊರಗೂ ನಿಂತ ತಿಳಿನೀರಿನಲ್ಲಿ. ಇಂದಿರಾನಗರದ ಮನೆಗಳ ಹೂದಾನಿ ಮತ್ತು ಕುಂಡದ ತಟ್ಟೆ, ಕೆ.ಆರ್. ಪುರದ ಕಡೆ ನೀರು ತುಂಬಿಡುವ ಡ್ರಮ್ಮು, ಶಿವಾಜಿನಗರದ ಗುಜರಿ ಟೈರು, ಎಲ್ಲವೂ ಅದಕ್ಕೆ ಸಮಾನ.

ಮೊಟ್ಟೆ ಸೊಳ್ಳೆಯಾಗಲು ಸುಮಾರು 7ರಿಂದ 10 ದಿನ ಬೇಕು. ವಾರಕ್ಕೊಮ್ಮೆ ನೀರು ಚೆಲ್ಲಿ, ಪಾತ್ರೆಯ ಒಳಮೈಯನ್ನು ಉಜ್ಜಿ ತೊಳೆದರೆ ಸರಪಣಿ ತುಂಡಾಗುತ್ತದೆ. ಉಜ್ಜುವುದು ಅಗತ್ಯ, ಏಕೆಂದರೆ ಅಂಟಿಕೊಂಡ ಮೊಟ್ಟೆಗಳು ನೀರಿಲ್ಲದೆಯೂ ತಿಂಗಳುಗಟ್ಟಲೆ ಉಳಿದು, ಮತ್ತೆ ನೀರು ಬಿದ್ದಾಗ ಒಡೆಯುತ್ತವೆ. ಕೆಟ್ಟ ವಾಸನೆ ಬರುವ ಚರಂಡಿಯನ್ನಷ್ಟೇ ದೂರುತ್ತ, ಮನೆಯೊಳಗಿನ ತಿಳಿನೀರನ್ನು ಮರೆಯುವ ನಾವು ಎರಡು ಶತಮಾನಗಳ ಹಿಂದಿನ ಕೆಟ್ಟ ಗಾಳಿಯ ಸಿದ್ಧಾಂತವನ್ನೇ ಇನ್ನೂ ನಂಬಿಕೊಂಡಿದ್ದೇವೆ ಎನ್ನಬೇಕಾಗುತ್ತದೆ. ರಾಸ್ ಅವರ ಸಲಹೆಯನ್ನು ಪರೀಕ್ಷಿಸಲು ಪ್ರಯೋಗಾಲಯ ಬೇಕಿಲ್ಲ. ಈ ಭಾನುವಾರ ಮನೆಯ ಹೂದಾನಿಯನ್ನು ಬೆಳಕಿಗೆ ಹಿಡಿದು ನೋಡಿದರೆ ಸಾಕು.